ಕೂತವನ ಅಳತೆಯ ಮನೆ

ಹೊರಡುವ ಮೊದಲು

ನಮ್ಮ ಕಚೇರಿಯ ದೊಡ್ಡ ಎಂಜಿನಿಯರು ಒಮ್ಮೆ ಲಂಡನ್ನಿಗೆ ಹೋಗಿಬಂದು, ಅಲ್ಲಿಯ ಚಳಿ, ಸೇತುವೆ, ಬೆಣ್ಣೆ ಇವುಗಳ ವಿಚಾರವನ್ನು ಆರು ತಿಂಗಳು ನಮಗೆ ಹೇಳಿದರು. ನಾವು ಕುರ್ಚಿ ಎಳೆದುಕೊಂಡು ಕೇಳಿದೆವು. ಸಾಹೇಬರ ಮಾತು, ಕೇಳದೆ ಬಿಡುವ ಹಾಗಿರಲಿಲ್ಲ. ಆಮೇಲೆ ನಾನು ಬೀದರಿನಿಂದ ಔರಂಗಾಬಾದಿಗೆ, ಅಲ್ಲಿಂದ ನಾಸಿಕಕ್ಕೆ ಹೋಗಿಬಂದೆ. ಹೇಳಹೊರಟರೆ ಒಬ್ಬರೂ ಫೈಲಿನಿಂದ ತಲೆ ಎತ್ತಲಿಲ್ಲ. "ಅದೇನ್ ಪರದೇಶೇನ್ರಿ?" ಎಂದು ನಕ್ಕರು. ಕೇಳುವವರು ಸಿಗದ ಕಾರಣ ಬರೆಯುತ್ತಿದ್ದೇನೆ.

ಪರದೇಶವೇ ಸರಿ ಎನ್ನುವುದು ನನ್ನ ವಾದ. ಹತ್ತು ಹನ್ನೆರಡು ವರ್ಷಗಳ ಹಿಂದೆ ಬೀದರ, ಔರಂಗಾಬಾದ ಎರಡೂ ಒಂದೇ ಹೈದರಾಬಾದ ರಾಜ್ಯದಲ್ಲಿದ್ದವು. ಭಾಷೆ ನೋಡಿ ರಾಜ್ಯಗಳನ್ನು ಹಂಚಿದ ಮೇಲೆ ನಾವು ಮೈಸೂರಿನವರಾದೆವು, ಔರಂಗಾಬಾದಿನಲ್ಲಿದ್ದ ನಮ್ಮ ಅಕ್ಕ ಮಹಾರಾಷ್ಟ್ರದವಳಾದಳು. ಅವಳೂ ಮನೆ ಬಿಟ್ಟು ಕದಲಿರಲಿಲ್ಲ, ನಾನೂ ಕದಲಿರಲಿಲ್ಲ. ಕೂತಲ್ಲೇ ನಾಡು ಬೇರೆಯಾಗಿತ್ತು. ಈಗ ಅವಳ ಮನೆಗೆ ಹೋಗುವುದೆಂದರೆ ಪರನಾಡಿಗೆ ಹೋಗುವುದೇ ತಾನೆ.

ಹೋಗಲು ಕಾರಣ ಮಾವನ ಪತ್ರ. ಬಸವಂತಪ್ಪನವರು ನನಗೆ ಸೋದರಮಾವ. ನಮ್ಮ ಅಕ್ಕ ನೀಲಮ್ಮನನ್ನು ಮದುವೆಯಾದವರೂ ಅವರೇ. ನಮ್ಮ ಕಡೆ ಇದು ವಾಡಿಕೆ. ಹೀಗಾಗಿ ಅವರಿಗೆ ನನ್ನನ್ನು ಎರಡು ದಾರಿಯಿಂದ ಬೈಯುವ ಹಕ್ಕಿದೆ, ಎರಡನ್ನೂ ಅವರು ಬಿಟ್ಟುಕೊಟ್ಟವರಲ್ಲ. ಔರಂಗಾಬಾದಿನಲ್ಲಿ ಅವರದು ಬಟ್ಟೆ ಅಂಗಡಿ. ನಾನು ಬೀದರಿನಲ್ಲಿ ಸರ್ಕಾರಿ ಕಟ್ಟಡಗಳ ನಕಾಶೆ ಬರೆಯುವವನು. ಪತ್ರದಲ್ಲಿ ಮೂರೇ ಸಾಲು: ಅಂಗಡಿಯ ಹಿಂದಿನ ಹಳೇ ಮನೆ ಕೊಂಡಿದ್ದೇನೆ. ಅದನ್ನು ಕೆಡವಿ ಗೋದಾಮು ಕಟ್ಟಬೇಕು. ರಜೆ ಹಾಕಿ, ಟೇಪು ತಗೊಂಡು ಬಾ.

ಔರಂಗಾಬಾದ: ಟೇಪು ಹಿಡಿದು

ನಮ್ಮ ಸಣ್ಣ ಹಳಿಯ ರೈಲಿಗೆ ಅವಸರವೆಂಬುದನ್ನು ಯಾರೂ ಕಲಿಸಿಲ್ಲ. ಎದುರಿಗೆ ಕೂತಿದ್ದ ಹೆಂಗಸು ಪರಭಣಿಯ ತನಕ ಶೇಂಗಾ ಸುಲಿದಳು. ಸುಲಿದದ್ದರಲ್ಲಿ ಅರ್ಧವನ್ನು ನನ್ನ ಅಂಗೈಗೆ ಹಾಕುತ್ತಿದ್ದಳು. "ನಕ್ಕೋ" ಎಂದೆ. ಬೇಡ ಎನ್ನಲು ಬೀದರಿನಲ್ಲಿ ಹಿಂದೂ ಮುಸಲ್ಮಾನರೆಲ್ಲ ಆಡುವ ಮಾತು ಅದು, ನಮ್ಮೂರಿನದೇ ಸ್ವತ್ತು ಎಂದುಕೊಂಡಿದ್ದೆ. ಆಕೆಗೆ ಚೆನ್ನಾಗಿ ಅರ್ಥವಾಯಿತು. ಆದರೂ ಹಾಕುವುದನ್ನು ನಿಲ್ಲಿಸಲಿಲ್ಲ.

ಅಕ್ಕ ಬಾಗಿಲಲ್ಲೇ ಕೈ ಹಿಡಿದುಕೊಂಡು ಊರಿನ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಕೇಳಿದಳು. ಅವಳ ಮಗಳು ಸುವರ್ಣಾ ಹನ್ನೆರಡರವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಟ್ಟಳು. "ಎಲ್ಲಾ ತಿಳೀತದ ತಮ್ಮಾ, ಬಾಯಾಗ ಬರಂಗಿಲ್ಲ" ಎಂದು ಅಕ್ಕ ತಾನೇ ತಪ್ಪು ಮಾಡಿದವಳ ಹಾಗೆ ಹೇಳಿದಳು. ರೊಟ್ಟಿಗೆ ಇಲ್ಲಿ ಭಾಕ್ರಿ ಅನ್ನುತ್ತಾರೆ. ಹೆಸರು ಬದಲಾದರೂ ಅಕ್ಕನ ಕೈಯಲ್ಲಿ ಅದು ನಮ್ಮೂರ ರೊಟ್ಟಿಯೇ ಆಗಿತ್ತು, ನಾನು ಐದು ತಿಂದೆ.

ಮರುದಿನ ಬೆಳಿಗ್ಗೆ ಮಾವ ಮನೆ ತೋರಿಸಲು ಕರೆದೊಯ್ದರು. ಅಂಗಡಿಯ ಹಿಂದೆ ಉದ್ದಕ್ಕೆ ನೆಟ್ಟಗೆ ಹೋಗುವ ಒಂದು ಗಲ್ಲಿ. ಅದರ ತುದಿಯಲ್ಲಿ ಒಂದು ಕೋಣೆಯ ಮಣ್ಣಿನ ಮನೆ, ಪಕ್ಕದಲ್ಲಿ ಸ್ವಲ್ಪ ಖಾಲಿ ಜಾಗ. ನಮ್ಮ ಬೀದರಿನ ಹಾಗೆಯೇ ಮಣ್ಣಿನ ಮಾಳಿಗೆ.

"ಬರೇ ಮಣ್ಣಿನ ಗುಡ್ಡಿ ಅದ ನೋಡು. ನಾಕ್ ಮಂದಿ ಹಚ್ಚಿದರ ಒಂದ್ ದಿನದಾಗ ಸಾಫ್" ಎಂದರು ಮಾವ.

"ಯಾರಿರ್ತಾರ್ರೀ ಇದರಾಗ?"

"ಉಸ್ಮಾನ್ ಚಾಚಾ ಅಂತ, ನೇಯೋ ಮನಷ್ಯಾ. ಹಳೇ ಮಾಲಕನ ಬಾಡಿಗೀದಾರ. ದೀಪಾವಳಿ ತನಕ ಇರ್ರಿ ಅಂದೀನಿ. ಈಗ ಸಿಲ್ಲೋಡಕ್ಕ ಮಗಳ ಮನೀಗಿ ಹೋಗ್ಯಾನ. ಅಂವಾ ಬರೂದ್ರೊಳಗ ಅಳತಿ ಮುಗಿಸು."

ಒಳಗೆ ಕಾಲಿಡುವಾಗಲೇ ಬಾಗಿಲ ಪಟ್ಟಿ ನನ್ನ ಹಣೆಗೆ ಬಡಿಯಿತು. ಹಣೆ ಉಜ್ಜಿಕೊಳ್ಳುತ್ತ ನೋಡಿದರೆ ಆ ಮನೆಯಲ್ಲಿ ಯಾವುದೂ ಇರಬೇಕಾದ ಎತ್ತರದಲ್ಲಿ ಇರಲಿಲ್ಲ. ಕಿಟಕಿ ನೆಲಕ್ಕಿಂತ ಒಂದು ಗೇಣು ಮೇಲೆ ಶುರುವಾಗಿ ನನ್ನ ಸೊಂಟಕ್ಕೆ ಬರುವಷ್ಟರಲ್ಲಿ ಮುಗಿಯುತ್ತಿತ್ತು. ದೀಪದ ಗೂಡು ಮೊಣಕಾಲಿನ ಮಟ್ಟದಲ್ಲಿತ್ತು. ಗೋಡೆಗೆ ಬಡಿದ ಮರದ ಗೂಟಗಳೂ ಅಷ್ಟೇ ಕೆಳಗೆ. ಇಷ್ಟು ವರ್ಷ ಕಿಟಕಿಗೆ ಮೂರೂವರೆ ಅಡಿ, ಗೂಟಕ್ಕೆ ಐದು ಅಡಿ ಎಂದು ಗೆರೆ ಎಳೆದವನು ನಾನು. ಕಟ್ಟಿದ ಮೇಸ್ತ್ರಿ ಆ ದಿನ ಕುಡಿದಿರಬೇಕೆಂದು ತೀರ್ಮಾನಿಸಿ, ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ಕಿಟಕಿಯ ಕೆಳಗೆ ನೆಲದಲ್ಲಿ ಒಂದು ಕುಳಿ ಇತ್ತು. ಮೂರು ಅಡಿ ಉದ್ದ, ಎರಡಡಿ ಅಗಲ. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅಂದರೆ ಗೊತ್ತಾಯಿತು ಎಂದುಕೊಂಡೆ: ಹಗೇವು! ನಮ್ಮ ಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಾರೆ. ಹಳೇ ಹಗೇವು ಇರುವ ಜಾಗದಲ್ಲಿ ಪಾಯ ಹಾಕಿದರೆ ಗೋಡೆ ಕುಸಿಯುತ್ತದೆ. ಅದರೊಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಇಳಿದವರು ಸತ್ತದ್ದೂ ಉಂಟು. ಅದಕ್ಕೇ ಮೊದಲು ದೀಪ ಇಳಿಸಿ ನೋಡುತ್ತೇವೆ, ದೀಪ ಆರಿದರೆ ಯಾರೂ ಇಳಿಯುವುದಿಲ್ಲ.

"ಮಾವಾರ, ಇಲ್ಲಿ ಹಗೇವು ಅದರಿ. ಅರ್ಧ ಮುಚ್ಯಾರ. ಇದನ್ನ ಮೊದಲ ಗಟ್ಟಿ ಮಾಡಬೇಕು."

ಮಾವ ಹುಟ್ಟಿದಾಗಿನಿಂದ ಬಟ್ಟೆಯ ನಡುವೆ ಬೆಳೆದವರು. ಬಗ್ಗಿ ನೋಡಿ, "ಹೌದಲಾ!" ಎಂದರು. ಅಕ್ಕನ ಮಗಳು ತಂದುಕೊಟ್ಟ ಕಂದೀಲನ್ನು ನಾನು ಹಗ್ಗ ಕಟ್ಟಿ ಇಳಿಸಿದೆ. ಎರಡೂವರೆ ಅಡಿಗೆ ಅದು ತಳ ಮುಟ್ಟಿ ಹಾಯಾಗಿ ಉರಿಯುತ್ತ ಕೂತಿತು. ಹಟ್ಟ ಹಗಲು, ತಳ ಕಣ್ಣಿಗೇ ಕಾಣುತ್ತಿತ್ತು, ಬೇಕೆಂದರೆ ಅಂಚಿಗೆ ಮಂಡಿಯೂರಿ ಕೈಯಿಂದಲೇ ಮುಟ್ಟಬಹುದಿತ್ತು. ಆದರೂ ಶಾಸ್ತ್ರ ಬಿಡಬಾರದು ನೋಡಿ. ಮಾವನ ಅಂಗಡಿಯ ಆಳು ಕಿಸನ್ ಮತ್ತು ನಾನು ಸೇರಿ ಕಲ್ಲು, ಮೊರಮು ತುಂಬಿ, ನೀರು ಹೊಡೆದು, ದಮ್ಮಸು ಮಾಡಿದೆವು. ಅಂಗಳದ ಬಿಸಿಲಿಗೆ ಒಂದಷ್ಟು ಮರದ ಚೌಕಟ್ಟು, ಹಲಗೆ, ಕೋಲುಗಳನ್ನು ಒರಗಿಸಿಟ್ಟಿದ್ದರು. ಮುರಿದ ಮಂಚವಿರಬೇಕೆಂದು ಅದನ್ನು ದಾಟಿಕೊಂಡೇ ಓಡಾಡಿದೆ. ಸಂಜೆ ಮಾವ ನನ್ನ ಬೆನ್ನು ತಟ್ಟಿದರು.

ಔರಂಗಾಬಾದ: ಉಸ್ಮಾನ್ ಚಾಚಾ ಬಂದರು

ಮೂರನೆಯ ದಿನ ನಾನು ಗಲ್ಲಿಯಲ್ಲಿ ಟೇಪು ಸುತ್ತುತ್ತಿದ್ದಾಗ ಚಾಚಾ ಬಂದರು. ತೆಳ್ಳಗಿನ ಆಳು, ಎಪ್ಪತ್ತರ ಹತ್ತಿರ. ಕೈಯಲ್ಲಿ ಒಂದು ಚೀಲ, ತಲೆಗೆ ಬಿಳಿ ಟೋಪಿ. ಅವರ ದಖನಿ ಉರ್ದುವಿಗೂ ನಮ್ಮ ಬೀದರಿನ ದಖನಿಗೂ ಹೆಚ್ಚಿನ ಭೇದವಿಲ್ಲದ್ದರಿಂದ ಮಾತಿಗೆ ತೊಡಕಾಗಲಿಲ್ಲ. ಅವರ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

ಸಲಾಂ ಹೇಳಿ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಬಾಗಿಲಲ್ಲಿ ಬಗ್ಗಿ ನೋಡಿದೆ. ಅವರು ಕಿಟಕಿಯ ಕೆಳಗೆ, ನಾವು ದಮ್ಮಸು ಮಾಡಿದ ಜಾಗದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅದರ ಮೇಲೆ ಅಂಗೈ ಇಟ್ಟಿದ್ದರು.

"ಇದನ್ನು ಯಾರು ಮುಚ್ಚಿದರು ಬೇಟಾ?"

"ನಾನೇ. ಹಳೇ ಹಗೇವು ಇತ್ತು, ಜೋಳದ್ದು. ಅಪಾಯ ಅಂತ..."

ಅವರು ನನ್ನ ಮುಖ ನೋಡಿದರು. "ಜೋಳ ಸಿಕ್ಕಿತಾ?" ಎಂದರು.

ಆಮೇಲೆ ಅಂಗಳಕ್ಕೆ ಕರೆದೊಯ್ದು ಆ ಮುರಿದ ಮಂಚದ ಒಂದೊಂದೇ ತುಂಡನ್ನು ತೋರಿಸಿದರು. ಇದು ಬಟ್ಟೆ ಸುತ್ತುವ ದಿಂಡು. ಇದು ಹೊಕ್ಕಿನ ಅಡ್ಡ ನೂಲು ಬಡಿಯುವ ಹಲಗೆ. ಇವೆರಡು ಕಾಲಿನಿಂದ ತುಳಿಯುವ ಪಟ್ಟಿಗಳು. ಗೆದ್ದಲು ಹಿಡಿಯಬಾರದೆಂದು ಬಿಚ್ಚಿ ಬಿಸಿಲಿಗೆ ಇಟ್ಟು ಹೋಗಿದ್ದರು. ಅದು ಮಗ್ಗ. ನೇಯುವವನ ಮನೆ ಎಂದು ಗೊತ್ತಿದ್ದೂ ಮಾವನಿಗಾಗಲಿ ನನಗಾಗಲಿ ಅದು ಹೊಳೆದಿರಲಿಲ್ಲ. ನಾನು ಮುಚ್ಚಿದ್ದು ನೇಕಾರ ಕಾಲು ಇಳಿಬಿಟ್ಟು ಕೂರುವ ಕುಳಿ. ಆ ಕುಳಿಯಲ್ಲಿ ಅವರು ಹಿಮ್ರೂ ನೇಯುತ್ತಿದ್ದರು. ಹಿಮ್ರೂ ಎಂದರೆ ಹತ್ತಿಯ ಹಾಸಿನ ಮೇಲೆ ರೇಷ್ಮೆಯ ಹೊಕ್ಕಿನಿಂದ ಹೂ ಬಳ್ಳಿ ಎತ್ತುವ ನೇಯ್ಗೆ. ಔರಂಗಾಬಾದಿಗೆ ಹೆಸರು ತಂದದ್ದು ಅದೇ. ನೆಲದ ಕೆಳಗೆ ಜೋಳ ಬಿಟ್ಟು ಇನ್ನೇನೂ ಇರಲಾರದೆಂಬುದು ನಮ್ಮ ಸೀಮೆಯವರ ಬುದ್ಧಿ. ನಾಚಿಕೆಯಿಂದ ನನ್ನ ಕಿವಿ ಕೆಂಪಾದದ್ದು ನನಗೇ ತಿಳಿಯಿತು.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಸಿಲ್ಲೋಡಿಗೆ ಹೋಗಿದ್ದೇ ಇದಕ್ಕೆ. ಮಗಳ ಮನೆಯಲ್ಲಿ ಮಗ್ಗ ಕೂರುತ್ತದಾ ನೋಡಲಿಕ್ಕೆ. ಬಾಡಿಗೆ ಮನೆ, ಸಿಮೆಂಟಿನ ನೆಲ. ಅಳಿಯ ಒಳ್ಳೆಯವನು, ಹತ್ತಿಯ ದಲಾಲಿ ಅಂಗಡಿಯಲ್ಲಿದ್ದಾನೆ. ನೆಲ ಅಗೆಯುವ ಮಾತು ಮಾತ್ರ ಎತ್ತಬೇಡಿ ಅಂದ. ಕುಳಿ ಇಲ್ಲದೆ ಈ ಮಗ್ಗ ಬರೀ ಸೌದೆ. ದೀಪಾವಳಿಗೆ ಈ ಮನೆಯಿಂದ ಎದ್ದರೆ ನಾನು ಮಗ್ಗದಿಂದಲೂ ಎದ್ದ ಹಾಗೆ. ಅಲ್ಲಿಯ ತನಕ ನೇಯೋಣ ಅಂತ ಬಂದೆ."

"ನಾನೇ ತೆಗೆದುಕೊಡುತ್ತೇನೆ ಚಾಚಾ."

"ನೀನೇ ತೆಗೆಯಬೇಕು ಮತ್ತೆ" ಎಂದು ಅವರು ಚಹಾಕ್ಕೆ ನೀರಿಟ್ಟರು.

ಔರಂಗಾಬಾದ: ಕುಳಿಯೊಳಗೆ

ತುಂಬಲು ಅರ್ಧ ದಿನ ಹಿಡಿದದ್ದು ತೆಗೆಯಲು ಎರಡು ದಿನ ಹಿಡಿಯಿತು. ದಮ್ಮಸು ಚೆನ್ನಾಗಿ ಮಾಡಿದ್ದೆನಲ್ಲ. ಹಾರೆ ಹಾಕಿದರೆ ಅಂಚು ಒಡೆಯುತ್ತದೆಂದು ಚಾಚಾ ಬಿಡಲಿಲ್ಲ. ಉಳಿ, ಸಣ್ಣ ಗುದ್ದಲಿ, ಕೊನೆಗೆ ಕೈ. ಕಿಸನ್ ಮೊದಲ ದಿನವೇ ಅಂಗಡಿಯಲ್ಲಿ ಕೆಲಸವಿದೆಯೆಂದು ಜಾರಿಕೊಂಡ. ಅಕ್ಕ ಬಂದು ನೋಡಿ, "ಸರ್ಕಾರಿ ನೌಕರೀ ಮಾಡಾಂವ ಮಣ್ಣ ಹೊರ್ಲಾಕತ್ತಾನ" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಕೆಳಗೆ ಹೋದಂತೆ ಗಚ್ಚಿನ ಗೋಡೆ ಸಿಕ್ಕಿತು, ಬೆರಳಿಗೆ ನುಣ್ಣಗೆ ಹತ್ತುವಂಥದ್ದು. ಕೂರುವ ಅಂಚಿಗೆ ಒಂದು ಕಪ್ಪು ಕಲ್ಲು. ಅದರ ನಡುವೆ ಎರಡು ತಗ್ಗು, ತೊಡೆಗಳು ಒರೆದು ಒರೆದು ಆದದ್ದು. ಚಾಚಾ, ಅವರ ತಂದೆ, ಅಜ್ಜ, ಮೂವರೂ ಅದೇ ಕಲ್ಲಿನ ಮೇಲೆ ಕೂತವರು. ಅದಕ್ಕೂ ಹಿಂದಿನದು ಅವರಿಗೆ ತಿಳಿಯದು. ದಿಲ್ಲಿಯ ಸುಲ್ತಾನನೊಬ್ಬ ರಾಜಧಾನಿಯನ್ನು ದೌಲತಾಬಾದಿಗೆ ತಂದಾಗ ನೇಕಾರರೂ ಜೊತೆಗೆ ನಡೆದುಬಂದರು ಎಂದು ಅವರ ಮನೆಯಲ್ಲಿ ಹೇಳುತ್ತಾರೆ. "ಸುಲ್ತಾನ ತಿರುಗಿ ಹೋದ. ನಮಗೆ ಅಷ್ಟು ದೂರ ಮತ್ತೆ ನಡೆಯಲಾಗಲಿಲ್ಲ" ಎಂದರು. ಗಲ್ಲಿ ಅಷ್ಟು ಉದ್ದ, ಅಷ್ಟು ನೇರ ಯಾಕೆಂದೂ ಆಗಲೇ ತಿಳಿದದ್ದು. ನೂಲಿನ ಹಾಸನ್ನು ಬಿಡಿಸಿ ಎಳೆದು ಕಟ್ಟಲು ಅಷ್ಟು ಜಾಗ ಬೇಕು. ಒಂದು ಕಾಲಕ್ಕೆ ಗಲ್ಲಿಯ ಎರಡೂ ಬದಿಗೆ ನೇಕಾರರ ಮನೆಗಳೇ ಇದ್ದವಂತೆ. ಈಗ ಉಳಿದದ್ದು ಇದೊಂದು.

ಎರಡನೆಯ ದಿನ ಮಧ್ಯಾಹ್ನ ತಳ ಮುಟ್ಟಿತು. ಚಾಚಾ ಗುಡಿಸಿ, ನೀರು ಚಿಮುಕಿಸಿ, "ಕೂತು ನೋಡು" ಎಂದರು. ನಾನು ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟೆ.

ಕೂತ ಕೂಡಲೇ ಆ ಮನೆ ಸರಿಹೋಯಿತು. ಹಾಗಲ್ಲದೆ ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಕುಡುಕ ಮೇಸ್ತ್ರಿಯ ಕಿಟಕಿ ಸರಿಯಾಗಿ ನನ್ನ ಕೈಗಳ ಮೇಲೆ ಬೆಳಕು ಹಾಕುತ್ತಿತ್ತು. ಅದು ಉತ್ತರದ ಕಿಟಕಿ. ಬಿಸಿಲು ನೇರ ಬಿದ್ದು ರೇಷ್ಮೆಯ ಬಣ್ಣ ಮಾಸುವಂತಿಲ್ಲ. ದೀಪದ ಗೂಡು ಬಲಗೈಗೆ ನಿಲುಕಿತು. ಗೂಟಗಳು ನೂಲಿನ ಲಡಿ ತೂಗುಹಾಕಲು, ಏಳದೆ ತೆಗೆದುಕೊಳ್ಳುವಷ್ಟು ಹತ್ತಿರ. ನೀರಿನ ಕೊಡ ಎಡಕ್ಕೆ. ಎದುರು ಮೂಲೆಯಲ್ಲಿ ಒಲೆ, ಅಲ್ಲಿ ಕೂತವರ ಮುಖ ನನ್ನ ಮುಖದ ಮಟ್ಟಕ್ಕೇ ಬರುತ್ತದೆ. ಬಾಗಿಲು ಕೂಡ ಕೂತವನ ಕಣ್ಣಿಗೆ ಗಲ್ಲಿಯ ತುದಿ ಕಾಣುವ ಹಾಗೆ ಇತ್ತು. ಈ ಮನೆಯನ್ನು ನಿಂತವನಿಗಾಗಿ ಕಟ್ಟಿರಲಿಲ್ಲ. ದಿನವೆಲ್ಲ ಅರ್ಧ ದೇಹ ನೆಲದೊಳಗಿಟ್ಟು ದುಡಿಯುವವನ ಅಳತೆಗೆ, ಅವನು ಏಳಬೇಕಾಗದ ಹಾಗೆ, ಯಾರೋ ಯೋಚನೆ ಮಾಡಿ ಕಟ್ಟಿದ್ದರು.

ಹದಿನೆಂಟು ವರ್ಷದಲ್ಲಿ ನಾನು ಎಷ್ಟೋ ಕಾರಕೂನರ, ಪೊಲೀಸರ, ಜವಾನರ ವಸತಿಗಳ ನಕಾಶೆ ಬರೆದಿದ್ದೇನೆ. ಅದರಲ್ಲಿ ಇರುವವನು ಏನು ಮಾಡುತ್ತಾನೆ, ಎಲ್ಲಿ ಕೂರುತ್ತಾನೆ ಎಂದು ಒಂದು ದಿನವೂ ಕೇಳಿಲ್ಲ. ಕುಳಿಯಲ್ಲಿ ಕೂತು ನನಗೆ ಬಹಳ ಬೇಸರವಾಯಿತು. ಚಾಚಾ ಎರಡು ದಿನದಲ್ಲಿ ಮಗ್ಗ ಹೂಡಿಕೊಂಡರು. ಲಾಳಿಯ ಸದ್ದು ಅಂಗಡಿಯ ತನಕ ಕೇಳುತ್ತಿತ್ತು.

ನಾಸಿಕ

ಅಷ್ಟರಲ್ಲಿ ಮಾವನಿಗೆ ಸುದ್ದಿ ಬಂತು: ನಾಸಿಕದಲ್ಲಿ ಹಳೇ ವಾಡೆಯೊಂದನ್ನು, ಅಂದರೆ ಸಾಹುಕಾರರ ದೊಡ್ಡ ಮನೆಯನ್ನು, ಬಿಚ್ಚುತ್ತಿದ್ದಾರೆ, ಸಾಗವಾನಿ ತೊಲೆಗಳು ಮಾರಾಟಕ್ಕಿವೆ. ಗೋದಾಮಿಗೆ ಆಗುತ್ತವೆಯೇ ನೋಡಿ ಬಾ ಎಂದು ನನ್ನನ್ನು ಅಟ್ಟಿದರು.

ಮನಮಾಡದಲ್ಲಿ ರೈಲು ಬದಲಿಸಿದೆ. ಲಾಸಲಗಾಂವ್ ನಿಲ್ದಾಣದಲ್ಲಿ ಈರುಳ್ಳಿ ಚೀಲಗಳು ಮಾಳಿಗೆ ಎತ್ತರಕ್ಕೆ ಬಿದ್ದಿದ್ದವು. ಆ ಘಾಟಿನಿಂದ ತಪ್ಪಿಸಿಕೊಳ್ಳಲು ಟವೆಲನ್ನು ಮುಖಕ್ಕೆ ಹೊದ್ದವನು ಹಾಗೇ ನಿದ್ದೆ ಹೋದೆ. ಎಚ್ಚರವಾದಾಗ ನಾಸಿಕ ಹಿಂದೆ ಬಿದ್ದು ದಂಡಿನ ಊರು ದೇವಳಾಲಿ ಬಂದಿತ್ತು. ಇಳಿದರೆ ಸುತ್ತಲೂ ಸಿಪಾಯಿಗಳು, ಅವರ ಟ್ರಂಕುಗಳು. ಕೈಯಲ್ಲಿ ಟೇಪು, ಕಂಕುಳಲ್ಲಿ ಸುತ್ತಿದ ಕಾಗದ ಹಿಡಿದ ನನ್ನನ್ನು ಒಬ್ಬ ಹವಾಲ್ದಾರ ಎರಡು ಸಲ ಮೇಲಿನಿಂದ ಕೆಳಗೆ ನೋಡಿದ. ನಾನು ಏನನ್ನೂ ಅಳೆಯುವುದಿಲ್ಲವೆಂದು ಅವನಿಗೆ ಮನವರಿಕೆ ಮಾಡಿ ನಾಸಿಕಕ್ಕೆ ಟಾಂಗಾ ಹಿಡಿದೆ.

ಊಟಕ್ಕೆ ಹೋದ ಹೋಟೆಲು ಕುಂದಾಪುರದ ಭಟ್ಟರೊಬ್ಬರದು. ನನ್ನ ಮರಾಠಿ ಕೇಳಿಯೇ ಅವರು, "ಹ್ವಾಯ್, ನೀವು ಕನ್ನಡದವ್ರಲ್ದಾ? ಯಾವ ಊರಾಯ್ತು?" ಎಂದರು.

"ಬೀದರರಿ."

"ಬೀದರಾ? ಅದ್ ನಮ್ ಮೈಸೂರ್ ರಾಜ್ಯದಲ್ಲೇ ಇತ್ತಾ ಮಾರಾಯ್ರೆ?"

ನನಗೂ ಕುಂದಾಪುರ ಎಲ್ಲಿದೆಯೆಂದು ಗೊತ್ತಿರಲಿಲ್ಲ, ಹಾಗಾಗಿ ಕೋಪ ಮಾಡಿಕೊಳ್ಳಲಿಲ್ಲ. ಇಬ್ಬರೂ ಕನ್ನಡವನ್ನೇ ಆಡಿದೆವು, ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ಅವರು ಸಾರು ಬಡಿಸಿದರು.

ವಾಡೆ ಗೋದಾವರಿಯಿಂದ ಸ್ವಲ್ಪ ಮೇಲಕ್ಕಿತ್ತು. ಅಲ್ಲಿ ಕೆಲಸ ನಡೆಯುತ್ತಿದ್ದ ರೀತಿ ನೋಡಿ ನನಗೆ ಸಂತೋಷವಾಯಿತು. ಒಡೆಯುತ್ತಿರಲಿಲ್ಲ, ಬಿಚ್ಚುತ್ತಿದ್ದರು. ಒಂದೊಂದು ಕಂಬ, ಬೋದಿಗೆ, ತೊಲೆಯ ಮೇಲೂ ಸುಣ್ಣದಲ್ಲಿ ಅಂಕಿ ಬರೆದು, ಹಗ್ಗ ಕಟ್ಟಿ, ಮಗುವನ್ನು ಇಳಿಸುವ ಹಾಗೆ ಇಳಿಸುತ್ತಿದ್ದರು. ಕೆತ್ತನೆಯ ಕಂಬಗಳನ್ನು ಮುಂಬಯಿಯವರು ಯಾರೋ ಕೊಂಡಿದ್ದಾರೆ, ಅಲ್ಲಿ ಹೀಗೇ ಮತ್ತೆ ನಿಲ್ಲಿಸುತ್ತಾರೆ ಎಂದು ಹಿರಿಯ ಬಡಗಿ ಹೇಳಿದ.

ವಾಡೆಯ ಹಿಂಗೋಡೆಗೆ ಹತ್ತಿಕೊಂಡು ತಾಮ್ರದ ಪಾತ್ರೆ ಬಡಿಯುವವರ ಐದಾರು ಮನೆಗಳಿದ್ದವು. ಅವನ್ನು ಮೂವರು ಹಾರೆಯಿಂದ ಕೆಡವುತ್ತಿದ್ದರು. ಒಂದರಲ್ಲಿ ಗೋಡೆ ಆಗಲೇ ಬಿದ್ದಿತ್ತು, ನೆಲ ಬಯಲಾಗಿತ್ತು. ನೆಲದ ನಡುವೆ ಪಾತ್ರೆ ಇಟ್ಟು ಬಡಿಯುವ ಅಡಿಗಲ್ಲು ಹೂತಿದ್ದ ಗುಂಡಿ, ಅದರ ಎರಡೂ ಬದಿಗೆ ಹಿಮ್ಮಡಿ ಊರಿ ಆದ ತಗ್ಗು. ಅಲ್ಲಿ ಒಬ್ಬ ಮನುಷ್ಯ ಹೇಗೆ ಕೂರುತ್ತಿದ್ದ, ಯಾವ ಕೈಯಿಂದ ಸುತ್ತಿಗೆ ಎತ್ತುತ್ತಿದ್ದ ಎಂದು ನಾನು ಬರೆದು ತೋರಿಸಬಲ್ಲವನಾಗಿದ್ದೆ. ವಾರದ ಹಿಂದೆ ಆಗಿದ್ದರೆ ಅದೂ ನನ್ನ ಕಣ್ಣಿಗೆ ಹಗೇವೇ ಆಗುತ್ತಿತ್ತು.

"ಇವಕ್ಕೆ ಅಂಕಿ ಬರೆಯಲಿಲ್ಲವೇ?" ಎಂದು ಬಡಗಿಯನ್ನು ಕೇಳಿದೆ.

ಆತ ತಮಾಷೆಯೆಂದುಕೊಂಡ. "ಇವನ್ನು ಮತ್ತೆ ಯಾರು ಕಟ್ಟುತ್ತಾರೆ ಸಾಹೇಬ್?" ಎಂದ. ಆ ಮಾತು ನನ್ನನ್ನು ಊರು ಬಿಡುವ ತನಕ ಬಿಡಲಿಲ್ಲ.

ತೊಲೆಗಳು ಒಳ್ಳೆಯವು, ಹುಳ ಹಿಡಿಯದವು. ಆದರೆ ಉದ್ದ ಹನ್ನೊಂದೇ ಅಡಿ. ಮಾವನಿಗೆ ಬೇಕಾದ ಗೋದಾಮಿನ ಅಗಲ ಇಪ್ಪತ್ತೆರಡು. ತೊಲೆ ಕೂರಲು ನಡುವೆ ಒಂದು ಗೋಡೆ ಬೇಕೇ ಬೇಕು. ಆ ಗೋಡೆ ಎಲ್ಲಿ ಬರಬೇಕೆಂದು ರೈಲಿನಲ್ಲಿ ಲೆಕ್ಕ ಹಾಕಿದೆ. ಅದು ಸರಿಯಾಗಿ ಚಾಚಾನ ಮನೆಯ ಗೋಡೆಯ ಮೇಲೆಯೇ ಬಂತು. ಎರಡಡಿ ದಪ್ಪದ ಗೋಡೆ, ಇನ್ನೂ ನೂರು ವರ್ಷ ಹೊರಬಲ್ಲದು. ಹೋಗಿ ಮಾವನಿಗೆ ಹೇಳಿಬಿಡಬೇಕೆಂದು ಮನಮಾಡದ ತನಕ ಧೈರ್ಯವಾಗಿಯೇ ಇದ್ದೆ.

ಮತ್ತೆ ಔರಂಗಾಬಾದ

ಮಾವನ ಮುಖ ನೋಡಿದ ಮೇಲೆ ಹೇಳಲಾಗಲಿಲ್ಲ. ಅವರು ಅಂಗಡಿಯ ಗಾದಿಯ ಮೇಲೆ ಕೂತು, "ತೊಲಿ ಛಲೋ ಅವಂದ್ರ ಆತು. ಜಾಗಾ ಪೂರಾ ಸಾಫ್ ಮಾಡಿ ನಕಾಶಿ ಬರಿ. ನಾಳಿ ಮುನಸಿಪಾಲ್ಟಿಗಿ ಕೊಡ್ತೀನಿ" ಎಂದರು. ನಾನು ಚಿಕ್ಕವನಿದ್ದಾಗ ಅವರು ಹುಬ್ಬು ಗಂಟಿಕ್ಕಿದರೆ ಬಾಯಿ ಕಟ್ಟುತ್ತಿತ್ತು. ಮೂವತ್ತೆಂಟಾದರೂ ಆ ರೋಗ ವಾಸಿಯಾಗಿಲ್ಲ. ಸುಮ್ಮನೆ ಕೂತು ಬರೆದೆ.

ನಮ್ಮ ಕೆಲಸದಲ್ಲಿ ಬಣ್ಣಗಳಿಗೆ ನಿಯಮವಿದೆ. ಇದ್ದು ಉಳಿಯುವ ಗೋಡೆಗೆ ಕಪ್ಪು. ಹೊಸದಾಗಿ ಕಟ್ಟುವುದಕ್ಕೆ ಕೆಂಪು. ಕೆಡವುವುದಕ್ಕೆ ಹಳದಿ. ಗೋದಾಮಿನ ಗೋಡೆಗಳಿಗೆ ಕೆಂಪು ತುಂಬಿದೆ. ಕುಂಚ ತೊಳೆದು, ಚಾಚಾನ ಮನೆಯ ನಾಲ್ಕು ಗೋಡೆಗಳಿಗೆ ಹಳದಿ ತುಂಬಿದೆ. ಬಣ್ಣ ಒಂದು ಕಡೆಯೂ ಗೆರೆ ದಾಟಲಿಲ್ಲ, ಅಭ್ಯಾಸದ ಕೈ. ಅದಕ್ಕೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಮಾವ ಚಾಚಾನನ್ನು ಕರೆಸಿದರು. ದೀಪಾವಳಿಯ ಮಾತು ಪಕ್ಕಾ ಮಾಡಿಕೊಳ್ಳಬೇಕಿತ್ತು. ಚಾಚಾ ಲಾಳಿ ಬಿಟ್ಟು ಹಾಗೇ ಎದ್ದುಬಂದಿದ್ದರು, ಅಂಗಿಯ ತೋಳಿಗೆ ಹಸಿರು ರೇಷ್ಮೆಯ ಎಳೆ ಹತ್ತಿಕೊಂಡಿತ್ತು. ಗಾದಿಯ ಅಂಚಿಗೆ ಕೂತು ನಕಾಶೆಯ ಮೇಲೆ ಬಗ್ಗಿದರು. ಹೂ ಬಳ್ಳಿಯ ಚಿತ್ತಾರಗಳನ್ನು ಕಾಗದದಲ್ಲಿ ನೋಡಿ ನೂಲಿಗೆ ಇಳಿಸುವ ಮನುಷ್ಯ. ನಕಾಶೆ ಓದಲು ಅವರಿಗೆ ನಾನು ಕಲಿಸಬೇಕಾಗಲಿಲ್ಲ.

"ಇದು ನನ್ನ ಬಾಗಿಲು. ಇದು ಕಿಟಕಿ. ಕುಳಿಯನ್ನೂ ಬರೆದಿದ್ದೀಯ, ಶಾಬಾಸ್." ಬೆರಳನ್ನು ಗೋಡೆಯ ಉದ್ದಕ್ಕೆ ಸರಿಸಿದರು. "ಈ ಹಳದಿ ಯಾಕೆ?"

ಮಾವ ನನ್ನ ಕಡೆ ನೋಡಿದರು. ಹೇಳುವ ಕೆಲಸ ನನ್ನದೇ ಎಂದಾಯಿತು.

"ಹಳದಿ ಹಚ್ಚಿದ್ದು ಕೆಡವುವುದು, ಚಾಚಾ."

ಅವರು ತಲೆ ಆಡಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕಿಕೊಂಡು, ಇನ್ನೂ ಹತ್ತಿರ ಬಗ್ಗಿ ನೋಡಿದರು.

"ಹಳದಿ ಗೋಡೆಗಷ್ಟೇ ಇದೆ ಬೇಟಾ. ಒಳಗೆಲ್ಲ ಬಿಳಿ ಬಿಟ್ಟಿದ್ದೀಯ. ಒಳಗಿನದು ಉಳಿಯುತ್ತದಾ?"

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ಕಾಗದದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಓದಿ ಕೇಳಿದ್ದರು. ನಾವು ಗೋಡೆಗೆ ಮಾತ್ರ ಬಣ್ಣ ತುಂಬುತ್ತೇವೆ. ಒಳಗೆ ಮನುಷ್ಯ ಇರುವ ಜಾಗಕ್ಕೆ ನಮ್ಮಲ್ಲಿ ಬಣ್ಣವೇ ಇಲ್ಲ. ಮಾವ ಮೊಳಗೋಲನ್ನು ಎತ್ತಿ ಸುಮ್ಮನೆ ಇನ್ನೊಂದು ಕಡೆ ಇಟ್ಟರು.

"ಮಾವಾರ" ಎಂದೆ. ದನಿ ನನಗೇ ಹೊಸದೆನಿಸಿತು. "ಆ ತೊಲಿ ಹನ್ನೊಂದ ಫೂಟ್ ಅವರಿ. ಗೋದಾಮಿನ ನಡುವ ಒಂದ್ ಗ್ವಾಡಿ ಬೇಕೇ ಬೇಕು. ಇವರ ಮನೀ ಗ್ವಾಡಿ ಸರಿಯಾಗಿ ಅಲ್ಲೇ ಬರ್ತದ. ಅದನ್ನ ಕೆಡವಿ ಅಲ್ಲೇ ಮತ್ತ ಕಟ್ಟೂದಕ್ಕಿಂತ ಅದನ್ನೇ ಇಟ್ಕೊಂಡು ಆ ಕಡಿಗಿ ಖಾಲಿ ಜಾಗಾದಾಗ ಕಟ್ಟಬೌದು. ಗೋದಾಮು ಸಣ್ಣದಾಗ್ತದ, ಖರೆ. ಆದ್ರ ಇದು ಉಳೀತದ."

"ಮತ್ತ ಇದನ್ನ ನಿನ್ನೆ ಯಾಕ ಹೇಳ್ಲಿಲ್ಲ?"

"ನಿಮಗ ಅಂಜಿದ್ನಿರಿ."

ಮಾವ ಹುಬ್ಬು ಗಂಟಿಕ್ಕಿದರು. ಆಮೇಲೆ ಚಾಚಾನ ತೋಳಿನಿಂದ ಆ ಹಸಿರು ಎಳೆಯನ್ನು ಎರಡು ಬೆರಳಲ್ಲಿ ಎತ್ತಿ, ಬಟ್ಟೆ ವ್ಯಾಪಾರಿಯ ಅಭ್ಯಾಸದಂತೆ ಬೆಳಕಿಗೆ ಹಿಡಿದು ನೋಡಿದರು.

"ಚಾಚಾ, ನಿಮ್ಮ ಕೈ ನಡೆಯುವ ತನಕ ಕೂತಿರಿ" ಎಂದರು ದಖನಿಯಲ್ಲಿ. "ಆಮೇಲಿನದು ಆಮೇಲೆ." ನನ್ನ ಕಡೆ ತಿರುಗಿ, "ಏನ್ ಮಾರಿ ನೋಡ್ತಿ? ಹೊಸಾ ಹಾಳಿ ತಗೋ" ಎಂದು ಗದರಿದರು. ಅದು ಸೋದರಮಾವನ ಬೈಗುಳವೋ ಅಕ್ಕನ ಗಂಡನದೋ, ಎರಡೂ ಅಂದು ನನಗೆ ಇಷ್ಟವಾದವು.

ಚಾಚಾ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು ಕೂತರು. ನಾನು ಹೊಸ ಹಾಳೆಗೆ ಪಿನ್ನು ಚುಚ್ಚಿ ಮೊದಲು ಅವರ ಮನೆಯ ನಾಲ್ಕು ಗೋಡೆಗಳನ್ನು ಕಪ್ಪಿನಲ್ಲಿ ಎಳೆದೆ. ಬಾಗಿಲು, ಕಿಟಕಿ, ಒಲೆ, ಕುಳಿ. ನಮ್ಮ ನಿಯಮದಲ್ಲಿ ಇಲ್ಲದ್ದನ್ನು ಮಾಡುವ ಮನಸ್ಸಾಯಿತು. ಕುಳಿಯ ಅಂಚಿಗೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, "ಇದು ನೀವು ಚಾಚಾ" ಎಂದೆ.

ಅವರು ಬಗ್ಗಿ ನೋಡಿದರು.

"ಸ್ವಲ್ಪ ಈ ಕಡೆ ಬೇಟಾ. ಅಲ್ಲಿ ಕೂತರೆ ನನ್ನ ನೆರಳು ನೇಯ್ಗೆಯ ಮೇಲೆ ಬೀಳುತ್ತದೆ."

ನಾನು ಚುಕ್ಕೆ ಅಳಿಸಿ, ಅವರು ಬೆರಳಿಟ್ಟ ಜಾಗದಲ್ಲಿ ಇಟ್ಟೆ.